‘ಸರಳ ವಿಶ್ವಾಸ’ ಅಂತ ಮಾತ್ರ ಅನ್ನಬೇಡಿ

ಹೋದ ವರ್ಷ ನನ್ನ ದೊಡ್ಡಮ್ಮ ತೀರಿಕೊಂಡರು. 83 ವರ್ಷ ಆಗಿತ್ತು. ಶವಸಂಸ್ಕಾರದ ಆರಾಧನೆಯಲ್ಲಿ ಪಾಸ್ಟರ್ ಇಪ್ಪತ್ತು ನಿಮಿಷ ಮಾತಾಡಿದರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಇಪ್ಪತ್ತು ನಿಮಿಷದಲ್ಲಿ ಮೂರು ಸಲ ‘ಸರಳ ವಿಶ್ವಾಸದ ತಾಯಿ’ ಅಂದರು. ಮೂರನೇ ಸಲ ಅಂದಾಗ ಪಕ್ಕದಲ್ಲಿ ಕೂತಿದ್ದ ಅಮ್ಮ ನನ್ನ ಕೈ ಹಿಡಿದು ಜೋರಾಗಿ ಒತ್ತಿದರು. ಅಳು ತಡೆದುಕೊಳ್ಳುತ್ತಿದ್ದಾರೆ ಅಂದುಕೊಂಡೆ. ಹೊರಗೆ ಬಂದ ಮೇಲೆ ಗೊತ್ತಾಯಿತು, ತಡೆದುಕೊಂಡಿದ್ದು ಅಳುವನ್ನಲ್ಲ, ಸಿಟ್ಟನ್ನು.

ಇವತ್ತು ಆ ಸಿಟ್ಟಿನ ಬಗ್ಗೆ ಮಾತಾಡೋಣ ಅಂತ ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಭಾನುವಾರ ತಪ್ಪದೆ ದೇವಾಲಯಕ್ಕೆ ಹೋಗುವವಳಲ್ಲ. ಮದುವೆಗೆ, ಸಾವಿಗೆ, ಕ್ರಿಸ್‌ಮಸ್ಸಿಗೆ ಹೋಗುತ್ತೇನೆ. ಹಾಗಾಗಿ ಇದು ಪಾಸ್ಟರುಗಳು ಮಾಡುವಂಥ ಪ್ರಸಂಗ ಅಲ್ಲ, ದೇವರು ನನಗೆ ಏನು ಮಾಡಿದ ಅಂತ ಸಾಕ್ಷಿ ಹೇಳುವುದೂ ಅಲ್ಲ. ಒಂದು ತಕರಾರು, ಅಷ್ಟೇ.

ಒಬ್ಬ ಗಂಡಸು ಐವತ್ತು ವರ್ಷ ಒಂದೇ ಸಭೆಯಲ್ಲಿ, ಅಂದರೆ ಒಂದೇ ಚರ್ಚಿನಲ್ಲಿ, ಇದ್ದರೆ ಅವನನ್ನು ‘ಸಭೆಯ ಸ್ತಂಭ’ ಅನ್ನುತ್ತೇವೆ. ‘ಹಿರಿಯರು’ ಅನ್ನುತ್ತೇವೆ. ಗೋಡೆಯ ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತೇವೆ. ಅದೇ ಐವತ್ತು ವರ್ಷ ಒಬ್ಬ ಹೆಂಗಸು ಇದ್ದರೆ, ‘ಪಾಪ, ಎಷ್ಟು ಸರಳ ವಿಶ್ವಾಸ’. ಕೇಳೋಕೆ ಹೊಗಳಿಕೆ ಥರಾನೇ ಇರುತ್ತದೆ. ಸ್ವಲ್ಪ ಕೆದಕಿ ನೋಡಿ, ಒಳಗೆ ಇರುವ ಮಾತು ಇದು: ಈಕೆ ಜಾಸ್ತಿ ಯೋಚನೆ ಮಾಡಿದವಳಲ್ಲ, ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದನ್ನು ಹಿಡಿದುಕೊಂಡು ಸುಮ್ನೆ ಬರುತ್ತಿದ್ದಳು.

ದೊಡ್ಡಮ್ಮ ಸುಮ್ನೆ ಬರುತ್ತಿದ್ದವರಲ್ಲ. ಎಳೆ ಮಗುವಾಗಿದ್ದಾಗ ಅದೇ ಸಭೆಯಲ್ಲಿ ದೀಕ್ಷಾಸ್ನಾನ. ಅಲ್ಲೇ ಸಂಡೇ ಸ್ಕೂಲು, ಅಲ್ಲೇ ಮದುವೆ. ಆಮೇಲೆ ಅದೇ ಸಂಡೇ ಸ್ಕೂಲಿನಲ್ಲಿ 34 ವರ್ಷ ಟೀಚರ್. ಅವರ ಕಾಲದಲ್ಲಿ ಹನ್ನೊಂದು ಪಾಸ್ಟರುಗಳು ಬಂದು ಹೋದರು. ಕಮಿಟಿಗಳು ಎಷ್ಟೋ, ಲೆಕ್ಕ ಇಟ್ಟವರಿಲ್ಲ. ಆರ್ಗನ್ ಹೋಗಿ ಕೀಬೋರ್ಡ್ ಬಂತು. ಹಾಡುಗಳು ಪುಸ್ತಕದಿಂದ ಎದ್ದು ಗೋಡೆಯ ಮೇಲಿನ ಸ್ಕ್ರೀನಿಗೆ ಹೋದವು. ಅದು ಅವರಿಗೆ ಕೊನೆಯವರೆಗೂ ಇಷ್ಟವಾಗಲಿಲ್ಲ. ಮುಂದಿನ ಚರಣ ಏನು ಅಂತ ಇಣುಕಿ ನೋಡೋಕೆ ಆಗಲ್ಲ, ಯಾರೋ ಬಟನ್ ಒತ್ತೋವರೆಗೂ ದೇವರನ್ನೂ ಕಾಯಿಸಬೇಕು ಅನ್ನುತ್ತಿದ್ದರು.

ಅವರ ಜಾಗ ಹಿಂದಿನಿಂದ ಎರಡನೇ ಬೆಂಚು, ಎಡಗಡೆ ಕಂಬದ ಪಕ್ಕ. ಚಿಕ್ಕವಳಿದ್ದಾಗ ನನಗೆ ಅದೇ ಬೇಜಾರು. ಮುಂದೆ ಅಷ್ಟು ಜಾಗ ಖಾಲಿ ಇದ್ದರೂ ಇವರು ಹಿಂದೆ ಯಾಕೆ ಕೂರುತ್ತಾರೆ? ಒಂದು ದಿನ ಕೇಳಿಯೇಬಿಟ್ಟೆ. “ಮುಂದೆ ಕೂತರೆ ಪಾಸ್ಟರ್ ಕಾಣ್ತಾರೆ. ಇಲ್ಲಿ ಕೂತರೆ ಯಾರು ಬಂದಿಲ್ಲ ಅಂತ ಕಾಣುತ್ತೆ” ಅಂದರು.

ಭಾನುವಾರ ಮಧ್ಯಾಹ್ನ ಅವರು ಫೋನ್ ಹಿಡಿದು ಕೂರುತ್ತಿದ್ದರು. ಬಾರದವರಿಗೆಲ್ಲ ಒಂದೊಂದು ಕರೆ. ಯಾಕೆ ಬರಲಿಲ್ಲ ಅಂತ ಒಂದು ದಿನವೂ ಕೇಳಿದ್ದನ್ನು ನಾನು ನೋಡಿಲ್ಲ. “ಹೇಗಿದ್ದೀಯಮ್ಮಾ?” ಅಷ್ಟೇ, ಆಮೇಲೆ ಸುಮ್ಮನಾಗುತ್ತಿದ್ದರು. ಆ ಕಡೆಯವರು ತಾವಾಗಿಯೇ ಹೇಳುತ್ತಿದ್ದರು. ಕೆಲಸ ಹೋಗಿದೆ. ಮಗಳು ಮನೆ ಬಿಟ್ಟು ಹೋಗಿದ್ದಾಳೆ. ಡಾಕ್ಟರು ಇನ್ನೊಂದು ಸಲ ಸ್ಕ್ಯಾನ್ ಮಾಡಿಸಿ ಅಂದಿದ್ದಾರೆ. ಇವರು ಅದನ್ನೆಲ್ಲ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಹೆಸರು, ತಾರೀಖು, ಒಂದೋ ಎರಡೋ ಪದ. ಪ್ರತಿ ಬೆಳಿಗ್ಗೆ ಆ ಪಟ್ಟಿ ಮುಂದಿಟ್ಟುಕೊಂಡು ಪ್ರಾರ್ಥನೆ. ವಿಷಯ ಬಗೆಹರಿದರೆ ಪಕ್ಕದಲ್ಲಿ ಚಿಕ್ಕದೊಂದು ಟಿಕ್. ಕೆಲವು ಹೆಸರಿನ ಮುಂದೆ ಹದಿನೈದು ವರ್ಷವಾದರೂ ಟಿಕ್ ಬಿದ್ದಿಲ್ಲ. ಆ ಹೆಸರುಗಳನ್ನು ಪ್ರತಿ ವರ್ಷ ಹೊಸ ಪುಸ್ತಕಕ್ಕೆ ಕೈಯಾರೆ ಇಳಿಸಿಕೊಳ್ಳುತ್ತಿದ್ದರು.

ಇದರಲ್ಲಿ ಸರಳ ಯಾವುದು, ನೀವೇ ಹೇಳಿ.

ಬೈಬಲಿನ ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿ ತಬಿಥಾ ಅನ್ನುವ ಹೆಂಗಸು ಬರುತ್ತಾಳೆ, ಯೊಪ್ಪದ ಊರಿನವಳು, ದೊರ್ಕ ಅಂತಲೂ ಹೆಸರು. ಆಕೆ ಸತ್ತಾಗ ಯೇಸುವಿನ ಶಿಷ್ಯ ಪೇತ್ರನನ್ನು ಕರೆಸುತ್ತಾರೆ. ಅವನು ಮಹಡಿಯ ಕೋಣೆಗೆ ಬಂದಾಗ ಅಲ್ಲಿದ್ದ ವಿಧವೆಯರು ಆಕೆಯ ಗುಣಗಾನ ಮಾಡಲಿಲ್ಲ. ಅಳುತ್ತಾ, ಆಕೆ ತಮಗೆ ಹೊಲಿದುಕೊಟ್ಟ ಬಟ್ಟೆಗಳನ್ನು ಅವನಿಗೆ ತೋರಿಸಿದರು. ನೋಡಿ, ಇದು ಇವಳ ಕೆಲಸ, ಅಂತ. ದೊಡ್ಡಮ್ಮನ ಸಾವಿನ ದಿನ ನಾವು ಯಾರೂ ಆ ನೋಟ್‌ಬುಕ್ ತಂದು ತೋರಿಸಲಿಲ್ಲ. ಆ ತಪ್ಪು ನಮ್ಮದು, ಪಾಸ್ಟರದ್ದಲ್ಲ. ಅವರು ಬಂದು ಎಂಟು ತಿಂಗಳಾಗಿತ್ತು, ಪಾಪ, ಅವರಿಗೇನು ಗೊತ್ತು.

ಈಗ ನನ್ನನ್ನು ಜಾಸ್ತಿ ಕಾಡಿದ ವಿಷಯಕ್ಕೆ ಬರುತ್ತೇನೆ.

ದೊಡ್ಡಮ್ಮನಿಗೆ ಇಬ್ಬರು ಮಕ್ಕಳು. ಚಿಕ್ಕವನು, ನನ್ನ ಅಣ್ಣ, 26ನೇ ವಯಸ್ಸಿನಲ್ಲಿ ಹೋಗಿಬಿಟ್ಟ. ಅಪಘಾತ. ನಾನು ಆಗ ಹೈಸ್ಕೂಲಿನಲ್ಲಿದ್ದೆ. ಮಣ್ಣು ಮಾಡಿದ ಮುಂದಿನ ಭಾನುವಾರವೇ ದೊಡ್ಡಮ್ಮ ಸಭೆಗೆ ಬಂದರು. ಎಲ್ಲರೂ ಆಶ್ಚರ್ಯಪಟ್ಟರು, ‘ಎಂಥಾ ವಿಶ್ವಾಸ’ ಅಂದರು. ಅವರ ಪಕ್ಕ ಕೂತಿದ್ದವಳು ನಾನು, ನನಗೆ ಗೊತ್ತು. ಅವರು ಹಾಡಲಿಲ್ಲ. ಎಲ್ಲರೂ ಎದ್ದಾಗ ಎದ್ದರು, ಕೂತಾಗ ಕೂತರು, ಹಾಡಿನ ಪುಸ್ತಕ ಮುಚ್ಚಿಯೇ ಇತ್ತು. ವಿಶ್ವಾಸ ಪ್ರಮಾಣ ಹೇಳುವಾಗ ತುಟಿ ಅಲ್ಲಾಡಲಿಲ್ಲ. ಕರ್ತನ ಪ್ರಾರ್ಥನೆಯಲ್ಲಿ ‘ನಿನ್ನ ಚಿತ್ತವು ನೆರವೇರಲಿ’ ಅನ್ನುವ ಕಡೆ ತಲೆ ತಿರುಗಿಸಿ ಕಿಟಕಿ ನೋಡುತ್ತಿದ್ದರು. ಇದು ಒಂದು ವಾರ ಅಲ್ಲ, ಎರಡು ವಾರ ಅಲ್ಲ. ಒಂದು ವರ್ಷದ ಮೇಲೆ. ಒಂದು ಭಾನುವಾರವೂ ತಪ್ಪಿಸಲಿಲ್ಲ, ಒಂದು ಸಾಲೂ ಹಾಡಲಿಲ್ಲ.

ಮನೆಯಲ್ಲಿ ಓದುತ್ತಿದ್ದದ್ದು ಬೈಬಲಿನ 88ನೇ ಕೀರ್ತನೆ ಒಂದೇ. ಅದನ್ನು ಓದಿಲ್ಲದಿದ್ದರೆ ಓದಿ. ಬೇರೆ ದುಃಖದ ಕೀರ್ತನೆಗಳು ಕೊನೆಗೆ ಎಲ್ಲೋ ಒಂದು ಕಡೆ ‘ಆದರೂ ನಾನು ನಿನ್ನನ್ನು ಸ್ತುತಿಸುವೆನು’ ಅಂತ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲಿನಲ್ಲೇ ಮುಗಿದುಹೋಗುತ್ತದೆ. ಇಂಥದ್ದನ್ನು ಬೈಬಲಿನಲ್ಲಿ ಇಟ್ಟವರು ಯಾರೋ, ಅವರಿಗೆ ಮನುಷ್ಯರ ಬಗ್ಗೆ ಚೆನ್ನಾಗಿ ಗೊತ್ತಿತ್ತು.

ಎಷ್ಟೋ ವರ್ಷದ ಮೇಲೆ, ನಾನು ದೊಡ್ಡವಳಾದ ಮೇಲೆ, ಅದರ ಬಗ್ಗೆ ಕೇಳಿದೆ. ದೊಡ್ಡಮ್ಮಾ, ನಂಬಿಕೆ ಇಲ್ಲದಿದ್ದರೆ ಯಾಕೆ ಹೋಗುತ್ತಿದ್ದಿರಿ? ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ನನ್ನ ಕೈಲಿ ಆಗ್ತಿರಲಿಲ್ಲ. ಅವರು ಹಾಡ್ತಿದ್ರಲ್ಲ, ನನ್ನ ಪಾಲಿಂದೂ ಅವರೇ ಹಾಡ್ಲಿ ಅಂತ ಹೋಗಿ ಕೂತ್ಕೋತಿದ್ದೆ” ಅಂದರು.

ಸಭೆ ಅಂದರೆ ಏನು ಅಂತ ನಾನು ಕೇಳಿದ ಉತ್ತರಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೂ ಸಿಕ್ಕಿಲ್ಲ. ನಾವೆಲ್ಲ ವಿಶ್ವಾಸ ಅಂದರೆ ಒಬ್ಬೊಬ್ಬರ ಎದೆಯೊಳಗೆ ಇರುವ ಸ್ವಂತ ವಸ್ತು ಅಂದುಕೊಂಡಿದ್ದೇವೆ, ಇದ್ದರೆ ಉಂಟು, ಖಾಲಿಯಾದರೆ ಇಲ್ಲ. ಅವರ ಲೆಕ್ಕವೇ ಬೇರೆ. ಅದು ಹತ್ತಾರು ಜನ ಸೇರಿ ಹೊರುವ ಭಾರ. ಈ ವಾರ ನಿನ್ನ ಹೆಗಲಿಗೆ ಆಗದಿದ್ದರೆ ಪಕ್ಕದವರು ಹೊರುತ್ತಾರೆ, ನೀನು ಜೊತೆಗೆ ನಡೆದರೆ ಸಾಕು. ಮನೆಯಲ್ಲಿ ಕೂತು ಮೊಬೈಲಿನಲ್ಲಿ ಆರಾಧನೆ ನೋಡಿದರೆ ಸಾಲದಾ ಅಂತ ನಾನೇ ಎಷ್ಟೋ ಸಲ ವಾದ ಮಾಡಿದ್ದೇನೆ. ಈಗ ಆ ವಾದದಲ್ಲಿ ನನಗೆ ಮೊದಲಿನ ಜೋರು ಉಳಿದಿಲ್ಲ.

ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾದವು. ಹೆಚ್ಚುಕಡಿಮೆ ಐವತ್ತು ವರ್ಷ ಅವರಿಗೆ ದೇವರು ಹತ್ತಿರ ಇದ್ದಾನೆ ಅಂತ ಅನ್ನಿಸಿರಲಿಲ್ಲ ಅಂತ ಅವುಗಳಿಂದ ಗೊತ್ತಾಯಿತು. ಒಳಗೆಲ್ಲ ಕತ್ತಲು, ಖಾಲಿ. ಕೆಲವರು ಆಗ ‘ಹಾಗಾದರೆ ಎಲ್ಲಾ ನಾಟಕವಾ’ ಅಂದರು. ನನಗೆ ಥಟ್ಟನೆ ನೆನಪಾಗಿದ್ದು ಕಂಬದ ಪಕ್ಕದ ಆ ಬೆಂಚು, ಮುಚ್ಚಿದ ಹಾಡಿನ ಪುಸ್ತಕ. ನಾಟಕ ಆಡುವವರು ಬಾಯಿ ತೆರೆದು ಹಾಡುತ್ತಾರೆ, ಅಲ್ವಾ?

ಇನ್ನು ಜಗಳದ ವಿಷಯ. ಜಗಳ ಇಲ್ಲದ ಸಭೆ ಎಲ್ಲಿದೆ ಹೇಳಿ. ಒಂದು ವರ್ಷ ಕಟ್ಟಡದ ನಿಧಿಯ ಲೆಕ್ಕ ಸರಿಯಾಗಿ ಬರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಹೊರಗೆ ಗುಸುಗುಸು ಇತ್ತು, ವಾರ್ಷಿಕ ಸಭೆಯಲ್ಲಿ ಮಾತ್ರ ಎಲ್ಲರ ಬಾಯಿಗೂ ಬೀಗ. ಎದ್ದು ನಿಂತಿದ್ದು ದೊಡ್ಡಮ್ಮ. ರಸೀದಿ ತೋರಿಸಿ ಅಂದರು. ಆಗ ಒಬ್ಬ ಹಿರಿಯರು, ಇವರಿಗಿಂತ ಹತ್ತು ವರ್ಷ ಚಿಕ್ಕವರು, ನಗುತ್ತಾ, “ಅಮ್ಮಾ, ನೀವು ಪ್ರಾರ್ಥನೆ ಮಾಡಿ, ಅಷ್ಟು ಸಾಕು. ಲೆಕ್ಕ ನಾವು ನೋಡ್ಕೋತೀವಿ” ಅಂದರು.

ಕೆಲವರು ನಕ್ಕರಂತೆ. ಅವರ ಜೊತೆ ನಗದೆ ಕೂತವರೂ ಬಾಯಿ ಬಿಡಲಿಲ್ಲ. ಅದು ನಕ್ಕಿದ್ದಕ್ಕಿಂತ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ.

ಅದಾಗಿ ಎರಡೇ ವಾರಕ್ಕೆ ಕಾಣಿಕೆಯ ಮೇಲೆ ಪ್ರಸಂಗ. ಯಾವ ಭಾಗ ಅಂತ ನೀವೇ ಊಹಿಸಬಹುದು, ಮಾರ್ಕನ ಸುವಾರ್ತೆ 12ನೇ ಅಧ್ಯಾಯ, ಬಡ ವಿಧವೆ ಎರಡು ಕಾಸು ಹಾಕಿದ್ದು. ಆ ಭಾಗ ಎಲ್ಲರಿಗೂ ಬಾಯಿಪಾಠ. ತನಗಿದ್ದದ್ದನ್ನೆಲ್ಲಾ ಕೊಟ್ಟಳು, ನೀವೂ ಕೊಡಿ. ಪ್ರಸಂಗ ಯಾವಾಗಲೂ 41ನೇ ವಚನದಿಂದ ಶುರುವಾಗುತ್ತದೆ. 40ನೇ ವಚನ ಯಾರೂ ಓದುವುದಿಲ್ಲ. ದೊಡ್ಡಮ್ಮನ ಬೈಬಲಿನಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿತ್ತು. ಅಲ್ಲಿ ಯೇಸು ಬೈಯುತ್ತಿರುವುದು ಯಾರನ್ನು ಗೊತ್ತಾ? ವಿಧವೆಯರ ಮನೆಗಳನ್ನು ನುಂಗಿ, ನಟನೆಗೆ ಉದ್ದುದ್ದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳನ್ನು. ಬೈದು ಮುಗಿಸಿ ಹಾಗೇ ಕಾಣಿಕೆ ಪೆಟ್ಟಿಗೆಯ ಎದುರು ಕೂರುತ್ತಾನೆ, ಆಗ ಈ ವಿಧವೆ ಬರುತ್ತಾಳೆ. ಎರಡನ್ನೂ ಸೇರಿಸಿ ಓದಿದರೆ ಕಥೆಯೇ ಬೇರೆ ಆಗುತ್ತದೆ. ಆ ಎರಡು ಕಾಸು ಅವಳ ಧಾರಾಳತನವೂ ಹೌದು, ಅವಳಿಂದ ಅದನ್ನೂ ತೆಗೆದುಕೊಂಡವರ ಮೇಲಿನ ದೂರೂ ಹೌದು. ಇದನ್ನು ನನಗೆ ತೋರಿಸಿದ್ದು ಯಾವ ದೇವಶಾಸ್ತ್ರದ ಪ್ರೊಫೆಸರೂ ಅಲ್ಲ, ‘ಸರಳ ವಿಶ್ವಾಸ’ದ ಇದೇ ಹೆಂಗಸು.

ಆ ಪ್ರಸಂಗ ಮುಗಿದ ಮೇಲೆ ಅವರು ಬಾಗಿಲಲ್ಲಿ ನಿಂತು ಆಗಿನ ಪಾಸ್ಟರಿಗೆ ಕೈಕುಲುಕಿ, “ಮುಂದಿನ ಸಲ ಒಂದು ವಚನ ಮೇಲಿಂದ ಶುರು ಮಾಡಿ” ಅಂದರು. ಅಷ್ಟೇ. ಲೆಕ್ಕ ಸರಿಯಾಯಿತಾ ಅಂದರೆ, ಪೂರ್ತಿ ಆಗಲಿಲ್ಲ. ಮುಂದಿನ ವರ್ಷದಿಂದ ರಸೀದಿಗಳ ಫೈಲು ಮೇಜಿನ ಮೇಲೆ ಇಡಲು ಶುರು ಮಾಡಿದರು. ಅದೂ ಯಾರೂ ಕೇಳದೇ ಆಗಿದ್ದಲ್ಲ.

ಸುಸಾನ್ನ ವೆಸ್ಲಿ ಅಂತ ಒಬ್ಬ ಹೆಂಗಸಿದ್ದರು, ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯ ತಾಯಿ. ಗಂಡ ಇಂಗ್ಲೆಂಡಿನ ಎಪ್ವರ್ತ್ ಅನ್ನುವ ಊರಿನ ಪಾದ್ರಿ. 1711-12ರ ಚಳಿಗಾಲದಲ್ಲಿ ಅವರು ಸಭಾ ಕೆಲಸಕ್ಕೆ ಲಂಡನ್ನಿಗೆ ಹೋಗಿದ್ದಾಗ ಈಕೆ ಭಾನುವಾರ ಸಂಜೆ ಮನೆಯಲ್ಲಿ ಮಕ್ಕಳಿಗೆ ಪ್ರಸಂಗ ಓದಿ ಹೇಳಲು ಶುರು ಮಾಡಿದರು. ಅಕ್ಕಪಕ್ಕದವರು ಬಂದರು, ಅವರ ನೆಂಟರು ಬಂದರು, ಜನ ಸುಮಾರು ಇನ್ನೂರು ಆದರು. ಸಹಾಯಕ ಪಾದ್ರಿಗೆ ಹೊಟ್ಟೆಯುರಿ, ಗಂಡನಿಗೆ ದೂರು ಹೋಯಿತು. ಗಂಡ ನಿಲ್ಲಿಸು ಅಂತ ಬರೆದರು. ಆಕೆ ತಿರುಗಿ ಬರೆದ ಪತ್ರದ ಸಾರ ಏನಪ್ಪಾ ಅಂದರೆ, ನಿಲ್ಲಿಸಿದರೆ ನಿಮಗೆ ಇಷ್ಟ ಅಂತ ಸುತ್ತಿ ಬಳಸಿ ಹೇಳಬೇಡಿ. ಸ್ಪಷ್ಟವಾಗಿ ಆಜ್ಞೆ ಮಾಡಿ. ನಾಳೆ ದೇವರ ನ್ಯಾಯಾಸನದ ಮುಂದೆ ಆ ಒಳ್ಳೆಯ ಕೆಲಸ ಬಿಟ್ಟದ್ದರ ಪಾಪ ನನ್ನ ಮೇಲೆ ಬರಬಾರದು ನೋಡಿ. ಗಂಡ ಆಮೇಲೆ ಸುಮ್ಮನಾದರು. ಈ ಮಾತು ನಮಗೆ ಸಿಕ್ಕಿದ್ದು ಆಕೆ ಪತ್ರ ಬರೆದಿದ್ದರಿಂದ, ಆ ಪತ್ರವನ್ನು ಯಾರೋ ಎತ್ತಿಟ್ಟಿದ್ದರಿಂದ.

ಎತ್ತಿಡದೆ ಹೋದದ್ದು ಎಷ್ಟೋ. ಲೂಕ 2ನೇ ಅಧ್ಯಾಯ ನೋಡಿ. ಕೂಸು ಯೇಸುವನ್ನು ದೇವಾಲಯಕ್ಕೆ ತಂದಾಗ ಇಬ್ಬರು ಮುದುಕರು ಎದುರಾಗುತ್ತಾರೆ. ಸಿಮೆಯೋನ ಮತ್ತು ಅನ್ನ. ಸಿಮೆಯೋನ ಹಾಡಿದ್ದು ಪದಪದವಾಗಿ ಇದೆ, ಇವತ್ತಿಗೂ ಸಂಜೆಯ ಪ್ರಾರ್ಥನೆಯಲ್ಲಿ ಅದನ್ನು ಹೇಳುವ ಸಭೆಗಳಿವೆ. ಅನ್ನಳ ಬಗ್ಗೆ ಮೂರು ವಚನ. ಫನುವೇಲನ ಮಗಳು, ಆಸೇರನ ಕುಲದವಳು, ಏಳು ವರ್ಷ ಗಂಡನ ಜೊತೆ ಇದ್ದು ವಿಧವೆಯಾದವಳು, 84 ವರ್ಷ, ದೇವಾಲಯ ಬಿಟ್ಟು ಹೋಗದೆ ಹಗಲೂ ರಾತ್ರಿ ಉಪವಾಸ, ಪ್ರಾರ್ಥನೆ. ಪ್ರವಾದಿನಿ ಅಂತ ಸ್ಪಷ್ಟವಾಗಿ ಕರೆದಿದ್ದಾನೆ ಲೂಕ. ಬಿಡುಗಡೆಗಾಗಿ ಕಾಯುತ್ತಿದ್ದವರಿಗೆಲ್ಲ ಆ ಮಗುವಿನ ಬಗ್ಗೆ ಮಾತಾಡಿದಳು ಅಂತಲೂ ಬರೆದಿದ್ದಾನೆ. ಏನು ಮಾತಾಡಿದಳು? ಒಂದು ಪದವೂ ಇಲ್ಲ.

ಇನ್ನೊಂದು ಇದಕ್ಕಿಂತ ಕಹಿ. ಕ್ರಿ.ಶ. 112ರ ಸುಮಾರಿಗೆ ಪ್ಲಿನಿ ಅನ್ನುವ ರೋಮನ್ ಅಧಿಕಾರಿ, ಈಗಿನ ಟರ್ಕಿಯಲ್ಲಿರುವ ಬಿಥೂನ್ಯದಿಂದ ಚಕ್ರವರ್ತಿ ಟ್ರಾಜನನಿಗೆ ಒಂದು ಪತ್ರ ಬರೆದ. ಒಂದು ಕ್ರೈಸ್ತ ಸಭೆ ಒಳಗೆ ಹೇಗೆ ನಡೆಯುತ್ತಿತ್ತು ಅಂತ ಹೊರಗಿನವನೊಬ್ಬ ಬರೆದದ್ದರಲ್ಲಿ ತುಂಬಾ ಹಳೆಯದು ಅದು. ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ, ಕದಿಯುವುದಿಲ್ಲ, ಮಾತು ತಪ್ಪುವುದಿಲ್ಲ ಅಂತ ಆಣೆ ಮಾಡುತ್ತಾರೆ. ಇದನ್ನೆಲ್ಲ ಕೇಳಿದ ಮೇಲೂ ಅವನಿಗೆ ಸಮಾಧಾನವಿಲ್ಲ. ನಿಜ ಏನು ಅಂತ ತಿಳಿಯೋಕೆ ಇಬ್ಬರು ದಾಸಿಯರನ್ನು ಹಿಡಿದು ಹಿಂಸೆ ಕೊಟ್ಟು ವಿಚಾರಿಸಿದೆ, ಅವರನ್ನು ಸಭೆಯವರು ‘ಸೇವಕಿಯರು’ ಅನ್ನುತ್ತಾರೆ, ಅಂತ ಬರೆಯುತ್ತಾನೆ. ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಫೊಯಿಬೆ ಅನ್ನುವ ಹೆಂಗಸನ್ನು ಸಭೆಯ ಸೇವಕಿ ಅನ್ನುತ್ತಾನಲ್ಲ, ಅಂಥದ್ದೇ ಪದವಿ ಇರಬೇಕು. ಆ ಇಬ್ಬರು ಏನು ಹೇಳಿದರು? ಅದೂ ಇಲ್ಲ, ಅವರ ಹೆಸರೂ ಇಲ್ಲ. ವಿಪರೀತದ ಮೂಢನಂಬಿಕೆ ಬಿಟ್ಟು ಬೇರೇನೂ ಸಿಗಲಿಲ್ಲ ಅಂತ ಒಂದೇ ಸಾಲಿನಲ್ಲಿ ಮುಗಿಸಿದ.

ಅವನು ಬೈದು ಒಂದು ಸಾಲಿನಲ್ಲಿ ಮುಗಿಸಿದ, ನಾವು ಹೊಗಳಿ ಎರಡು ಪದದಲ್ಲಿ ಮುಗಿಸುತ್ತೇವೆ.

ಇಷ್ಟು ಹೊತ್ತು ಕೇಳಿದವರಲ್ಲಿ ಕೆಲವರಿಗೆ ಬೇರೆಯೇ ಸಿಟ್ಟು ಬಂದಿರಬಹುದು. ಹಾಗಾದರೆ ಏನೇ ಆದರೂ ಸಹಿಸಿಕೊಂಡು ಅಲ್ಲೇ ಇರಬೇಕಾ ಅಂತ. ಇಲ್ಲ. ಖಂಡಿತ ಇಲ್ಲ. ಸಭೆಯಲ್ಲಿ ನೋವು ತಿಂದು, ಅವಮಾನ ಪಟ್ಟು ಹೊರಗೆ ಹೋದವರಿದ್ದಾರೆ, ಅವರ ಮುಂದೆ ‘ಆ ಅಮ್ಮ ನೋಡು, ಹೇಗಿದ್ದರು’ ಅಂತ ಉದಾಹರಣೆ ಕೊಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ದೊಡ್ಡಮ್ಮನೇ ಹಾಗೆ ಮಾಡಲಿಲ್ಲ. ಗಂಡ ಹೊಡೆಯುತ್ತಿದ್ದ ಒಬ್ಬ ಹುಡುಗಿಗೆ ಸಭೆಯ ದೊಡ್ಡವರೆಲ್ಲ ಹೊಂದಿಕೊಂಡು ಹೋಗಮ್ಮಾ ಅಂದಾಗ, ಇವರು ಅವಳ ಬಟ್ಟೆಬರೆ ಕಟ್ಟಿಸಿ, ಬೇರೆ ಊರಿನಲ್ಲಿ ಇದ್ದ ಗೆಳತಿಯ ಮನೆಗೆ ತಾವೇ ಕರೆದುಕೊಂಡು ಹೋಗಿ ಬಿಟ್ಟು ಬಂದರು. ಅಲ್ಲಿನ ಸಭೆಗೆ ಸೇರಿಕೋ, ಇಲ್ಲಿಗೆ ಬರಬೇಡ ಅಂದರು. ತಾವು ಮಾತ್ರ ವಾಪಸ್ ಬಂದು ಕಂಬದ ಪಕ್ಕ ಕೂತರು. ಅವರಿಗೆ ಅದು ಅವರ ಮನೆ. ಮನೆಯಲ್ಲಿ ಸೋರುತ್ತಿದ್ದರೆ ಬಕೆಟ್ ಇಡುತ್ತೇವೆ, ಮಳೆ ನಿಂತ ಮೇಲೆ ಸೂರು ಹತ್ತುತ್ತೇವೆ. ಎಲ್ಲರಿಗೂ ಅದೇ ಮನೆ ಆಗಬೇಕು ಅಂತ ಅವರು ಅಂದುಕೊಂಡಿರಲಿಲ್ಲ.

ಹಾಂ, ಆ ನೋಟ್‌ಬುಕ್ ಈಗ ನನ್ನ ಹತ್ತಿರ ಇದೆ. ಲೆಕ್ಕ ನಾವು ನೋಡ್ಕೋತೀವಿ ಅಂದ ಆ ಹಿರಿಯರ ಹೆಸರೂ ಅದರಲ್ಲಿ ಇದೆ. ಹೆಸರಿನ ಮುಂದೆ ಒಂದೇ ಪದ: ‘ಬುದ್ಧಿ’. ಟಿಕ್ ಇಲ್ಲ. ನಾಲ್ಕು ಪುಸ್ತಕಗಳಲ್ಲಿ ಹುಡುಕಿದೆ, ನಾಲ್ಕರಲ್ಲೂ ಇಳಿಸಿಕೊಂಡಿದ್ದಾರೆ, ನಾಲ್ಕರಲ್ಲೂ ಟಿಕ್ ಇಲ್ಲ. ನಗು ಬಂತು. ಆಮೇಲೆ ಯೋಚನೆ ಮಾಡಿದೆ, ತಮ್ಮನ್ನು ಎಲ್ಲರ ಎದುರು ಸಣ್ಣದು ಮಾಡಿದವನ ಹೆಸರನ್ನು ವರ್ಷ ವರ್ಷ ಸ್ವಂತ ಕೈಯಿಂದ ಬರೆದು, ಪ್ರತಿ ಬೆಳಿಗ್ಗೆ ದೇವರ ಮುಂದೆ ಹೇಳಬೇಕಾದರೆ ಎಷ್ಟು ಹಠ ಬೇಕು.

ನನ್ನ ಅಮ್ಮನೂ ಅದೇ ಸಭೆ, ಅರವತ್ತು ವರ್ಷದ ಮೇಲಾಯಿತು. ಈ ಎಪಿಸೋಡ್ ಬರೆಯುವ ಮುಂಚೆ ಅವರ ಹತ್ತಿರ ಹೋಗಿ ಮೈಕ್ ಇಟ್ಟೆ. ಅಮ್ಮಾ, ನೀನು ಇಷ್ಟು ವರ್ಷ ಯಾಕೆ ಉಳಿದೆ, ಪ್ರಸಂಗ ಕೇಳುವಾಗ ಮನಸ್ಸಿನಲ್ಲಿ ನಿಜವಾಗಲೂ ಏನು ಓಡುತ್ತೆ, ಯಾರೂ ನಿನ್ನನ್ನು ಕೇಳಿಲ್ಲ ಅಲ್ವಾ, ನಾನು ಕೇಳ್ತಾ ಇದ್ದೀನಿ, ಹೇಳು ಅಂದೆ. ಅನ್ನಳ ಮಾತು ಉಳಿಯಲಿಲ್ಲ, ನಿನ್ನದಾದರೂ ಉಳಿಯಲಿ ಅಂತ ದೊಡ್ಡ ಭಾಷಣವನ್ನೇ ಬಿಗಿದೆ.

ಅಮ್ಮ ಮೈಕನ್ನೇ ನೋಡುತ್ತಾ ಕೂತಿದ್ದರು. “ಮೊದಲು ಅದನ್ನ ಆಫ್ ಮಾಡು” ಅಂದರು.

ಆಫ್ ಮಾಡಿದೆ. ಎರಡು ಗಂಟೆ ಮಾತಾಡಿದರು.